ಈಜಿಪುರದ 15 ಎಕರೆ: ಪಾಲಿಕೆ ಜಾಗದಲ್ಲಿ ಮನೆ ಕಟ್ಟುವ ಪ್ರಸ್ತಾವ ಬಂದಾಗ ಕೌನ್ಸಿಲ್ ಮೊದಲು ಏನು ಕೇಳಬೇಕು?

ಎಂಟನೇ_ಬ್ಲಾಕ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ.

ಕೋರಮಂಗಲದ ಎನ್‌ಜಿವಿ (ನ್ಯಾಷನಲ್ ಗೇಮ್ಸ್ ವಿಲೇಜ್) ಬೆಂಗಳೂರಿನವರಿಗೆಲ್ಲ ಗೊತ್ತು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಅಂತ ಕಟ್ಟಿದ ಅಪಾರ್ಟ್‌ಮೆಂಟುಗಳು. ಬ್ಲಾಕ್‌ಗಳಿಗೆ ನದಿಗಳ ಹೆಸರಿಟ್ಟಿದ್ದಾರೆ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಈಜಿಪುರದ ಇಡಬ್ಲ್ಯುಎಸ್ ಕ್ವಾರ್ಟರ್ಸ್ ಇತ್ತು. ಬಡವರಿಗೆ ಅಂತ ಪಾಲಿಕೆ 90ರ ದಶಕದ ಶುರುವಿನಲ್ಲಿ ಕಟ್ಟಿಸಿದ್ದು. 42 ಬ್ಲಾಕ್, 1,512 ಮನೆ. ಜಾಗ ಸುಮಾರು 15 ಎಕರೆ. ಪಕ್ಕದ ಎನ್‌ಜಿವಿ ಇವತ್ತಿಗೂ ನಿಂತಿದೆ. ಇಲ್ಲಿನ ಬ್ಲಾಕ್‌ಗಳು ಮಾತ್ರ ಹತ್ತು ಹದಿನೈದು ವರ್ಷಕ್ಕೇ ಬೀಳೋಕೆ ಶುರುವಾದವು. ಬಿದ್ದವು ಬಿದ್ದವು, ಉಳಿದವನ್ನು ಅಪಾಯ ಅಂತ ಒಡೆದರು. ಜನರಿಗೆ ಅದೇ ಜಾಗದಲ್ಲಿ ತಗಡಿನ ಶೆಡ್ ಹಾಕಿಕೊಟ್ಟರು.

ಆಮೇಲೆ ಪಿಪಿಪಿ, ಅಂದರೆ ಸರ್ಕಾರ ಮತ್ತು ಖಾಸಗಿಯವರ ಪಾಲುದಾರಿಕೆ, ಬಂತು. ಜಾಗ ಹೆಚ್ಚುಕಡಿಮೆ ಎರಡು ಭಾಗ. ಒಂದು ಭಾಗದಲ್ಲಿ ಖಾಸಗಿ ಕಂಪನಿ ಬಡವರಿಗೆ ಮನೆ ಕಟ್ಟಿಕೊಡಬೇಕು, ಇನ್ನೊಂದು ಭಾಗದಲ್ಲಿ ತಾನು ಮಾಲ್ ಕಟ್ಟಿಕೊಳ್ಳಬಹುದು. 2012ರಲ್ಲಿ ಕರಾರು ಆಯಿತು. 2013ರ ಜನವರಿ 18ರಿಂದ ಮೂರ್ನಾಲ್ಕು ದಿನದಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ಜೆಸಿಬಿ ತಂದು ಶೆಡ್‌ಗಳನ್ನೆಲ್ಲ ತೆಗೆದರು. ಜನವರಿ ಚಳಿ. ಸಾವಿರಾರು ಜನ. ಸುಮಾರು ಕುಟುಂಬಗಳು ಕಾಂಪೌಂಡ್ ಪಕ್ಕದ ಫುಟ್‌ಪಾತ್ ಮೇಲೇ ಟಾರ್ಪಾಲ್ ಕಟ್ಟಿಕೊಂಡು ವರ್ಷಗಟ್ಟಲೆ ಉಳಿದವು. ಒಳಗೆ ಜಾಗ ಖಾಲಿ, ಹೊರಗೆ ಫುಟ್‌ಪಾತಿನಲ್ಲಿ ಸಂಸಾರ. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಎರಡೂ ಒಟ್ಟಿಗೇ ಕಾಣುತ್ತಿತ್ತು.

ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಅಕ್ಕ ಆ ಶೆಡ್‌ನಲ್ಲಿದ್ದವರು. ಒಂದು ದಿನ ಬೆಳಿಗ್ಗೆ ಆರೂವರೆಗೆ ಗೇಟಿನ ಹತ್ತಿರ ನಿಂತಿದ್ದರು. ಕೈಯಲ್ಲಿ ಪ್ರೆಶರ್ ಕುಕ್ಕರ್, ಹೆಗಲಿಗೆ ಮಕ್ಕಳ ಎರಡು ಸ್ಕೂಲ್ ಬ್ಯಾಗ್. "ಇದನ್ನ ಸ್ವಲ್ಪ ದಿನ ಇಟ್ಕೊಳ್ಳಿ ಅಮ್ಮ" ಅಂದರು. ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಇಡಿಸಿದೆ. ಪರೀಕ್ಷೆಗೆ ಎರಡು ತಿಂಗಳಿತ್ತು. ಹುಡುಗ ದಿನಾ ಸಂಜೆ ಬಂದು ಒಂದು ಪುಸ್ತಕ ತೆಗೆದುಕೊಂಡು, ಹಿಂದಿನ ದಿನದ್ದು ಇಟ್ಟು ಹೋಗುತ್ತಿದ್ದ.

ಈಗ ಯಾಕೆ ಇದನ್ನು ಬರೆಯುತ್ತಿದ್ದೇನೆ ಅಂದರೆ, ಬೆಂಗಳೂರಿನ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಕಾರ್ಪೊರೇಟರ್‌ಗಳೇ ಇಲ್ಲ, ಆಡಳಿತಾಧಿಕಾರಿಯೇ ಕೌನ್ಸಿಲ್. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಈ ಪಾಲಿಕೆಗಳ ಮುಂದೆ ಇಂಥ ಪ್ರಸ್ತಾವಗಳು ಬಂದೇ ಬರುತ್ತವೆ. ಊರಿನ ನಡುವೆ ಪಾಲಿಕೆ ಜಾಗ ಉಳಿದಿರುವುದೇ ಕಡಿಮೆ. ಅದಕ್ಕೇ ಕೇಳುತ್ತಿದ್ದೇನೆ: ಕೌನ್ಸಿಲ್ ಸಭೆಗೆ ಫೈಲ್ ಬಂದಾಗ ಮೊದಲ ಪ್ರಶ್ನೆ ಯಾವುದಾಗಬೇಕು? ನನ್ನ ಉತ್ತರ ಒಂದೇ. ಇರುವವರ ಕೈಗೆ ಹೊಸ ಮನೆಯ ಕೀಲಿ ಯಾವತ್ತು ಸಿಗುತ್ತದೆ, ಹಳೇ ಮನೆ ಯಾವತ್ತು ಒಡೆಯುತ್ತೀರಿ? ಕೀಲಿಯ ತಾರೀಕು ಮೊದಲು ಬರದಿದ್ದರೆ ಆ ಪ್ರಸ್ತಾವವನ್ನು ವಾಪಸ್ ಕಳಿಸಬೇಕು.

ನಿಮ್ಮ ಊರಲ್ಲಿ ಏನಾಗಿದೆ, ಬರೆಯಿರಿ.

ಲೆಕ್ಕದವನು

ನೋವು ಅರ್ಥವಾಗುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ಮಾಲ್ ಬೇಡ, ಕಂಪನಿ ಬೇಡ ಅಂದರೆ ದುಡ್ಡು ಎಲ್ಲಿಂದ ಬರುತ್ತದೆ? ಒಂದೂವರೆ ಸಾವಿರ ಮನೆ ಕಟ್ಟೋದು ಅಂದರೆ ಸುಮ್ನೆ ಅಲ್ಲ. ಪಾಲಿಕೆಗಳಿಗೆ ಪೌರಕಾರ್ಮಿಕರ ಸಂಬಳ, ರಸ್ತೆ ಗುಂಡಿ, ಕಸ ಇವುಗಳಿಗೇ ಸಾಲುವುದಿಲ್ಲ. ಅರ್ಧ ಜಾಗ ಕೊಟ್ಟು ಇನ್ನರ್ಧದಲ್ಲಿ ಪುಕ್ಕಟೆ ಮನೆ ಕಟ್ಟಿಸಿಕೊಳ್ಳುವುದು ಕಾಗದದ ಮೇಲೆ ಕೆಟ್ಟ ವ್ಯವಹಾರ ಅಲ್ಲ. ಮುಂಬೈಯಲ್ಲಿ 1995ರಿಂದ ಎಸ್‌ಆರ್‌ಎ (ಸ್ಲಂ ಪುನರ್ವಸತಿ ಪ್ರಾಧಿಕಾರ) ನಡೆಯುತ್ತಿರುವುದೂ ಇದೇ ಲೆಕ್ಕದ ಮೇಲೆ.

ಎಂಟನೇ_ಬ್ಲಾಕ್

ಮಾಲ್ ಬೇಡ ಅಂತ ನಾನು ಹೇಳಲಿಲ್ಲ. ಮಾಲ್ ಆಮೇಲೆ ಅಂತ ಹೇಳಿದೆ. 15 ಎಕರೆ ಅಂದರೆ ಸಣ್ಣ ಜಾಗ ಅಲ್ಲ. ಹಳೇ ಕಟ್ಟಡಗಳು ಹೇಗೂ ಹೋಗಿದ್ದವು, ಶೆಡ್‌ಗಳನ್ನು ಒಂದು ಕಡೆ ಒತ್ತಾಗಿ ಹಾಕಿದ್ದರೆ ಇನ್ನೊಂದು ಕಡೆ ಕೆಲಸ ಶುರು ಮಾಡಬಹುದಿತ್ತು. ಕಟ್ಟಿದಷ್ಟು ಬ್ಲಾಕ್‌ಗೆ ಜನರನ್ನು ಕಳಿಸಿ, ಖಾಲಿಯಾದ ಕಡೆ ಮುಂದಿನದು. ಎಲ್ಲರಿಗೂ ಮನೆ ಸಿಕ್ಕ ಮೇಲೆ ಉಳಿದ ಜಾಗವನ್ನು ಕಂಪನಿ ತೆಗೆದುಕೊಳ್ಳಲಿ, ಯಾರು ಬೇಡ ಅಂತಾರೆ?

ಹಳೇ_ಇಂಜಿನಿಯರ್

ನಾನು ಒಂದು ಜಿಲ್ಲಾ ಕೇಂದ್ರದ ಪಾಲಿಕೆಯಲ್ಲಿ ಇಂಜಿನಿಯರ್ ಆಗಿದ್ದವನು. ಊರು ಹೇಳುವುದಿಲ್ಲ. ಇಂಥ ಫೈಲ್ ಕೌನ್ಸಿಲ್‌ಗೆ ಹೇಗೆ ಬರುತ್ತದೆ ಅಂತ ಹೇಳುತ್ತೇನೆ. ಹೊರಗಿನವರಿಗೆ ಇದು ಕಾಣುವುದೇ ಇಲ್ಲ.

ಸಭೆಗೆ ಮೊದಲು ವಿಷಯ ಪಟ್ಟಿ ಬರುತ್ತದೆ. ಅದರಲ್ಲಿ ನೂರಾರು ವಿಷಯ. ಚರಂಡಿ ಸ್ಲ್ಯಾಬ್, ರಸ್ತೆಗೆ ಹೆಸರಿಡುವುದು, ಯಾರದೋ ಅನುಕಂಪದ ನೌಕರಿ. ಅದರ ನಡುವೆ ಎಲ್ಲೋ ಒಂದು ಕಡೆ ಹತ್ತಾರು ಎಕರೆ ಜಾಗದ ವಿಷಯ ನಾಲ್ಕು ಸಾಲಿನಲ್ಲಿ ಕೂತಿರುತ್ತದೆ. "ಸ್ಥಾಯಿ ಸಮಿತಿ ಶಿಫಾರಸಿನಂತೆ ಅನುಮೋದನೆಗೆ" ಅಂತ. ಎಷ್ಟೋ ಸಲ ತಡವಾಗಿ, ಹೆಚ್ಚುವರಿ ವಿಷಯ ಅಂತ ಸೇರಿಸಿರುತ್ತಾರೆ. ಸದಸ್ಯರ ಕೈಗೆ ಸಿಗುವುದು ಆ ಟಿಪ್ಪಣಿ ಮಾತ್ರ. ಕರಾರಿನ ಕರಡು ಸಿಗುವುದಿಲ್ಲ. ನಾನು ಕಂಡ ಒಂದು ಸಭೆಯಲ್ಲಿ ಒಬ್ಬ ಸದಸ್ಯೆ ಎದ್ದು "ಚಕ್ಕುಬಂದಿ ಓದಿ" ಅಂದರು. ಓದಿದರೆ ಪೂರ್ವಕ್ಕೆ ರಸ್ತೆ ಅಂತ ಬರೆದಿದ್ದ ಕಡೆ ನಿಜವಾಗಿ ಅಂಗನವಾಡಿ ಇತ್ತು. ಆ ವಿಷಯ ಅವತ್ತು ಮುಂದಕ್ಕೆ ಹೋಯಿತು. ಒಂದೇ ಒಂದು ಪ್ರಶ್ನೆಗೆ.

ಪಾಲಿಕೆ ಆಸ್ತಿಯನ್ನು ಬಹುಕಾಲದ ಗುತ್ತಿಗೆಗೆ ಕೊಡುವುದಾದರೆ ಕೌನ್ಸಿಲ್ ನಿರ್ಣಯ ಬೇಕು, ಸರ್ಕಾರದ ಒಪ್ಪಿಗೆಯೂ ಬೇಕು. ಅಂದರೆ ಸದಸ್ಯರಿಗೆ ನಿಜವಾದ ಅಧಿಕಾರ ಇದೆ. ಆದರೆ ಜಾಗದ ಅಳತೆ, ಕರಾರು, ಇರುವವರ ಪಟ್ಟಿ ಈ ಮೂರೂ ಕೈಯಲ್ಲಿಲ್ಲದೆ ಕೈ ಎತ್ತಿದರೆ ಆ ಅಧಿಕಾರ ಇದ್ದೂ ಇಲ್ಲದ ಹಾಗೆ.

ಇನ್ನು ಎಂಟನೇ ಬ್ಲಾಕ್‌ನವರು ಹೇಳಿದ "ಮನೆ ಮೊದಲು" ಅನ್ನುವುದನ್ನು ಕರಾರಿನಲ್ಲಿ ಬರೆಯಲು ಬರುತ್ತದೆ, ಕಷ್ಟವೇನಿಲ್ಲ. ವಾಣಿಜ್ಯ ಭಾಗದ ಜಾಗವನ್ನು ಮೊದಲ ದಿನ ಹಸ್ತಾಂತರ ಮಾಡಬಾರದು. ಬಡವರ ಮನೆಗಳಿಗೆ ಒಸಿ (ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಸಿಕ್ಕಿ, ಕೀಲಿ ಕೊಟ್ಟು, ಕರೆಂಟ್ ಮೀಟರ್ ಅವರವರ ಹೆಸರಿಗೆ ಆದ ಮೇಲೆ ಮಾತ್ರ ಮಾಲಿನ ನಕ್ಷೆಗೆ ಮಂಜೂರಾತಿ. ತಡವಾದರೆ ತಿಂಗಳ ಬಾಡಿಗೆ ಕಂಪನಿಯ ಬ್ಯಾಂಕ್ ಗ್ಯಾರಂಟಿಯಿಂದ ನೇರವಾಗಿ ಕುಟುಂಬದ ಖಾತೆಗೆ. ಇಷ್ಟು ಬರೆದರೆ ಯಾರು ಮನೆ ಕಟ್ಟುವುದಕ್ಕೆ ಬಂದವರು, ಯಾರು ಜಾಗಕ್ಕೆ ಬಂದವರು ಅಂತ ಟೆಂಡರ್‌ನಲ್ಲೇ ಗೊತ್ತಾಗಿಬಿಡುತ್ತದೆ.

ವಿವೇಕನಗರ

ನಾನು ಹತ್ತಿರದವನೇ. ಯಾರೂ ಹೇಳದ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಕ್ವಾರ್ಟರ್ಸ್‌ನಲ್ಲಿ ಮನೆ ಸಿಕ್ಕವರಲ್ಲಿ ಎಷ್ಟೋ ಜನ ಬಾಡಿಗೆಗೆ ಕೊಟ್ಟು ಬೇರೆ ಕಡೆ ಹೋಗಿದ್ದರು. ಕೆಲವರು ಬಿಳಿ ಕಾಗದದ ಮೇಲೆ ಬರೆಸಿಕೊಂಡು ಮಾರಿಯೂ ಇದ್ದರು. ಕೊನೆಗೆ ಶೆಡ್‌ನಲ್ಲಿ ಇದ್ದವರು ಒಬ್ಬರು, ಪಟ್ಟಿಯಲ್ಲಿದ್ದವರು ಇನ್ನೊಬ್ಬರು. ಯಾರಿಗೆ ಮನೆ ಕೊಡಬೇಕು? ಬಾಡಿಗೆಗೆ ಇದ್ದವರಿಗೂ ಕೊಟ್ಟರೆ, ವರ್ಷಗಟ್ಟಲೆ ಅರ್ಜಿ ಹಾಕಿಕೊಂಡು ಬೇರೆ ಸ್ಲಂಗಳಲ್ಲಿ ಕಾಯುತ್ತಿರುವವರಿಗೆ ಅನ್ಯಾಯ ಅಲ್ವಾ?

ಎಂಟನೇ_ಬ್ಲಾಕ್

ಇದು ಸರಿಯಾದ ಪ್ರಶ್ನೆ, ಬೇಜಾರೇನಿಲ್ಲ. ನಾನೂ ಇದರ ಬಗ್ಗೆ ತುಂಬಾ ಯೋಚನೆ ಮಾಡಿದ್ದೇನೆ. ನಮ್ಮ ಮನೆಗೆ ಬರುತ್ತಿದ್ದ ಅಕ್ಕನೂ ಬಾಡಿಗೆಯವರೇ. ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆದರೆ ಅವರ ರೇಷನ್ ಕಾರ್ಡಿನಲ್ಲಿ ಅದೇ ವಿಳಾಸ, ಮತದಾರರ ಪಟ್ಟಿಯಲ್ಲಿ ಅದೇ ವಿಳಾಸ. ಓಟು ಕೇಳಲು ಬಂದವರಿಗೆ ಆ ವಿಳಾಸ ಸರಿಯಾಗಿತ್ತು, ಮನೆ ಕೊಡುವಾಗ ಆ ವಿಳಾಸ ಲೆಕ್ಕಕ್ಕೆ ಬರಲಿಲ್ಲ. ಶೆಡ್ ಹೋದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ತರುವುದಕ್ಕೂ ಓಡಾಟ ಆಯಿತು.

ಮಾಲೀಕರಿಗೂ ಬಾಡಿಗೆಯವರಿಗೂ ಒಂದೇ ಹಕ್ಕು ಅಂತ ನಾನು ಹೇಳುತ್ತಿಲ್ಲ. ಬಾಡಿಗೆಯವರಿಗೆ ಸ್ವಂತ ಮನೆ ಕೊಡಲು ಆಗದಿದ್ದರೆ ಪಾಲಿಕೆಯೇ ಕಡಿಮೆ ಬಾಡಿಗೆಗೆ ಕೊಡುವ ಕೆಲವು ಬ್ಲಾಕ್ ಕಟ್ಟಲಿ. ಮಾರಲಾಗದ, ಪಾಲಿಕೆ ಹೆಸರಲ್ಲೇ ಉಳಿಯುವ ಮನೆಗಳು. ಬೆಂಗಳೂರಿನಲ್ಲಿ ಮನೆಗೆಲಸ, ಸೆಕ್ಯೂರಿಟಿ, ಗಾರೆ ಕೆಲಸ ಮಾಡುವ ಬಹಳ ಜನಕ್ಕೆ ಬೇಕಾಗಿರುವುದು ಹಕ್ಕುಪತ್ರಕ್ಕಿಂತ ಮೊದಲು ಕೆಲಸದ ಹತ್ತಿರ ಒಂದು ಗಟ್ಟಿ ಸೂರು. ಆದರೆ ಈ ಲೆಕ್ಕ ಎಲ್ಲ ಜೆಸಿಬಿ ಬರುವ ಮೊದಲು ಆಗಬೇಕು. ಮನೆ ಮನೆಗೂ ಹೋಗಿ ಸರ್ವೆ ಮಾಡಿ, ಪಟ್ಟಿಯನ್ನು ಅಲ್ಲೇ ಗೋಡೆಗೆ ಅಂಟಿಸಿ, ತಕರಾರು ಕೇಳಿ. ಶೆಡ್ ಕೆಡವಿದ ಮೇಲೆ ಯಾರು ಎಲ್ಲಿದ್ದರು ಅಂತ ಯಾರಿಗೆ ಗೊತ್ತಿರುತ್ತದೆ?

ಸಿಂಗಾಪುರದಿಂದ

ನಾನು ಹುಟ್ಟಿದ್ದು ತಿಪಟೂರಿನಲ್ಲಿ, ಈಗ ಸಿಂಗಾಪುರದಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಎಂಟನೇ ಬ್ಲಾಕ್‌ನವರು ಕೇಳುತ್ತಿರುವುದು ಇಲ್ಲಿ ಕಣ್ಣೆದುರಿಗೆ ನಡೆದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಹತ್ತರಲ್ಲಿ ಸುಮಾರು ಎಂಟು ಜನ ಇರುವುದು ಎಚ್‌ಡಿಬಿ ಮನೆಗಳಲ್ಲಿ, ಅಂದರೆ ಸರ್ಕಾರ ಕಟ್ಟಿದ ಮನೆಗಳಲ್ಲಿ. 1960ರಲ್ಲಿ ಶುರುವಾದ ಸಂಸ್ಥೆ. ಜಾಗ ಸರ್ಕಾರದ್ದು, ಮನೆ 99 ವರ್ಷದ ಲೀಸ್. ಹಳೇ ಬ್ಲಾಕ್ ಒಡೆಯಬೇಕಾದರೆ ಸರ್ಸ್ ಅಂತ ಒಂದು ಯೋಜನೆ ಇದೆ, 1995ರಿಂದ. ನಮ್ಮ ಮನೆ ಹತ್ತಿರ ಟ್ಯಾಂಗ್ಲಿನ್ ಹಾಲ್ಟ್ ಅಂತ ಹಳೇ ಬಡಾವಣೆ. ಅಲ್ಲಿನ ಹತ್ತು ಅಂತಸ್ತಿನ ಬ್ಲಾಕ್‌ಗಳಿಗೆ ಜನ "ಚಾಪ್ ಲಾವ್" ಅಂತಾರೆ, ಹತ್ತು ಮಹಡಿ ಅಂತ ಅರ್ಥ. 2014ರಲ್ಲಿ 31 ಬ್ಲಾಕ್ ತೆಗೆಯುತ್ತೇವೆ ಅಂತ ಹೇಳಿದರು. ಹೇಳಿದ ತಕ್ಷಣ ಯಾರೂ ಜಾಗ ಖಾಲಿ ಮಾಡಲಿಲ್ಲ. ಹತ್ತಿರದ ಡಾಸನ್ ಕಡೆ ಹೊಸ ಟವರ್‌ಗಳು ಎದ್ದವು. ಜನ ಹಳೇ ಮನೆಯಲ್ಲೇ ಅಡುಗೆ ಮಾಡಿಕೊಂಡು, ಹಬ್ಬ ಮಾಡಿಕೊಂಡು, ಹೊಸದಕ್ಕೆ ಕೀಲಿ ಬಂದ ಮೇಲೆ ಸಾಮಾನು ಸಾಗಿಸಿದರು. ಆಮೇಲೆ ಹಳೇದರ ಸುತ್ತ ಬೇಲಿ ಹಾಕಿದ್ದು. ಹಾಕರ್ ಸೆಂಟರ್‌ನಲ್ಲಿ ಒಟ್ಟಿಗೆ ಕೂತು ಕಾಫಿ ಕುಡಿಯುತ್ತಿದ್ದ ಮುದುಕರಿಗೆ ಬೇಸರ ಇರಲಿಲ್ಲ ಅಂತಲ್ಲ, ತುಂಬಾ ಇತ್ತು. ಆದರೆ ಅವರು ಬೀದಿಯಲ್ಲಿ ಮಲಗಲಿಲ್ಲ.

ಸಿಂಗಾಪುರ ಶ್ರೀಮಂತ ದೇಶ, ಹೋಲಿಸಬೇಡಿ ಅಂತ ಹೇಳುವವರಿರುತ್ತಾರೆ. 1960ರಲ್ಲಿ ಇದೂ ಶ್ರೀಮಂತ ಆಗಿರಲಿಲ್ಲ. ಅಲ್ಲದೆ ಮೊದಲು ಕಟ್ಟಿ ಆಮೇಲೆ ಒಡೆಯುವುದಕ್ಕೆ ಬೇಕಾಗಿರುವುದು ದುಡ್ಡಿಗಿಂತ ಜಾಸ್ತಿ ಪ್ಲಾನಿಂಗ್.

ದೆಹಲಿ_ಕರೋಲ್‌ಬಾಗ್

ದೆಹಲಿಯ ಕಠ್‌ಪುತ್ಲಿ ಕಾಲೊನಿ ನೆನಪಾಯಿತು. ಶಾದಿಪುರ ಡಿಪೋ ಹತ್ತಿರ. ಗೊಂಬೆಯಾಟದವರು, ಜಾದೂಗಾರರು, ಡೋಲು ಬಾರಿಸುವವರು ಇದ್ದ ಕೇರಿ. ಡಿಡಿಎ (ದೆಹಲಿ ಅಭಿವೃದ್ಧಿ ಪ್ರಾಧಿಕಾರ) ಜಾಗ. 2009ರಲ್ಲಿ ಖಾಸಗಿ ಕಂಪನಿ ಜೊತೆ ಕರಾರು, 2,800 ಮನೆ ಕಟ್ಟುವ ಯೋಜನೆ. ಆನಂದ್ ಪರ್ಬತ್‌ನಲ್ಲಿ ತಾತ್ಕಾಲಿಕ ಕ್ಯಾಂಪ್. ಕೆಲವರು ಹೋದರು, ಬಹಳ ಜನ ಹೋಗಲಿಲ್ಲ. 2017ರ ಅಕ್ಟೋಬರ್ ಕೊನೆಯಲ್ಲಿ ಒಡೆದರು. ಎರಡು ವರ್ಷ ಅಂತ ಹೇಳಿ ಕ್ಯಾಂಪಿಗೆ ಹೋದವರ ಮಕ್ಕಳು ಅಲ್ಲೇ ದೊಡ್ಡವರಾದರು.

ಕೇರಿ ಇದ್ದಾಗ ಒಂದು ಸಲ ಹೋಗಿದ್ದೆ. ಒಬ್ಬರು ಆಳೆತ್ತರದ ಗೊಂಬೆ ತೋರಿಸಿದರು, ಬಾಗಿಲ ಹೊರಗೆ ಮರದ ಕೊಂಬೆಗೆ ತೂಗುಹಾಕಿದ್ದರು. "ನಾಲ್ಕನೇ ಮಹಡಿಯಲ್ಲಿ ಇದನ್ನು ಎಲ್ಲಿ ನೇತುಹಾಕಲಿ?" ಅಂತ ಕೇಳಿದರು. ಕೆಲಸವೂ ಮನೆಯೂ ಒಂದೇ ಆಗಿರುವವರಿಗೆ ಫ್ಲ್ಯಾಟಿನ ನಕ್ಷೆ ಬೇರೆಯೇ ಬೇಕು. ಅಗರಬತ್ತಿ ಹೊಸೆಯುವವರು, ಹೂ ಕಟ್ಟುವವರು, ತಳ್ಳುಗಾಡಿ ಇಟ್ಟುಕೊಂಡವರು ಬೆಂಗಳೂರಲ್ಲೂ ಇದ್ದಾರಲ್ಲ. ಗಾಡಿ ನಿಲ್ಲಿಸಲು ಜಾಗ ಇಲ್ಲದಿದ್ದರೆ ಅವರು ಮನೆ ಬಿಟ್ಟು ಮತ್ತೆ ರಸ್ತೆಗೇ ಬರುತ್ತಾರೆ. ಆಮೇಲೆ "ನೋಡಿ, ಮಾರಿಕೊಂಡರು" ಅನ್ನುತ್ತೇವೆ.

ಲೆಕ್ಕದವನು

ಸಿಂಗಾಪುರದವರ ಮಾತು ಓದಿದ ಮೇಲೆ ನನ್ನ ಮಾತನ್ನು ಸ್ವಲ್ಪ ಬದಲಿಸುತ್ತೇನೆ. ಹಂತ ಹಂತವಾಗಿ ಕಟ್ಟಿದರೆ ಒಂದೇ ಸಲ ಅಷ್ಟು ದುಡ್ಡು ಬೇಕಾಗಿಲ್ಲ, ಅದು ನಿಜ. ಆದರೆ ಮಾಲ್ ಆಮೇಲೆ ಅಂದರೆ ಕಂಪನಿಗೆ ಬಡ್ಡಿ ಹೊರೆ. ಅದನ್ನು ಅವರು ಟೆಂಡರ್ ಬೆಲೆಗೆ ಸೇರಿಸುತ್ತಾರೆ. ಜಾಸ್ತಿ ಜಾಗ ಕೇಳುತ್ತಾರೆ.

ಹಳೇ_ಇಂಜಿನಿಯರ್

ಕೇಳಲಿ. ಆಗ ಕೌನ್ಸಿಲ್ ಮುಂದೆ ನಿಜವಾದ ಬೆಲೆ ಬಂದಂತಾಯಿತು. ಮೊದಲೇ ಜಾಗ ಕೊಟ್ಟುಬಿಟ್ಟರೆ ಆ ಬಡ್ಡಿಯ ಹೊರೆಯನ್ನು ಫುಟ್‌ಪಾತಿನಲ್ಲಿ ಇರುವವರು ಹೊರುತ್ತಾರೆ. ಅದು ಯಾವ ಲೆಕ್ಕದ ಪುಸ್ತಕದಲ್ಲೂ ಇರುವುದಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಈಜಿಪುರದ ಬ್ಲಾಕ್‌ಗಳು ಅಷ್ಟು ಬೇಗ ಯಾಕೆ ಹೋದವು ಅಂತ ಮೇಲೆ ಯಾರೂ ಕೇಳಲಿಲ್ಲ. ನಾನು ಆ ಕಟ್ಟಡ ನೋಡಿಲ್ಲ, ಆದ್ದರಿಂದ ಅದರ ಬಗ್ಗೆ ಹೇಳುವುದಿಲ್ಲ. ಆದರೆ ಇಂಥ ಮನೆಗಳು ಸಾಮಾನ್ಯವಾಗಿ ಸಾಯುವುದು ನೀರಿನಿಂದ. ಬಚ್ಚಲ ಪೈಪು ಗೋಡೆಯೊಳಗೆ ಸೋರುತ್ತದೆ. ಮೊದಲು ಸುಣ್ಣ ಉಬ್ಬುತ್ತದೆ. ಆಮೇಲೆ ಕಂಬದ ಮೂಲೆಯಲ್ಲಿ ಉದ್ದಕ್ಕೆ ಕೂದಲೆಳೆ ಬಿರುಕು. ಒಳಗೆ ಕಬ್ಬಿಣ ತುಕ್ಕು ಹಿಡಿದು ದಪ್ಪ ಆಗುತ್ತದೆ, ಕಾಂಕ್ರೀಟನ್ನು ಹೊರಗೆ ತಳ್ಳುತ್ತದೆ. ಆ ಹಂತದಲ್ಲಿ ಪ್ಲಂಬರ್ ಒಬ್ಬ ಬಂದಿದ್ದರೆ ಸಾಕಿತ್ತು. ಬರುವುದಿಲ್ಲ. ಯಾಕೆಂದರೆ ಮನೆ ಹಂಚಿದ ಮೇಲೆ ಪಾಲಿಕೆ "ಅದು ಅವರದ್ದು" ಅನ್ನುತ್ತದೆ, ಜನ "ಇದು ಪಾಲಿಕೆದು" ಅನ್ನುತ್ತಾರೆ. ಮೆಟ್ಟಿಲು, ಟ್ಯಾಂಕು, ಮೋರಿ, ತಾರಸಿ ಯಾರದ್ದೂ ಅಲ್ಲ. ಹೊಸ ಪ್ರಸ್ತಾವದಲ್ಲಿ ನಿರ್ವಹಣೆಗೆ ಪ್ರತ್ಯೇಕ ನಿಧಿ ಇದೆಯಾ ನೋಡಿ. ಮಾಲಿನ ನೆಲಬಾಡಿಗೆಯ ಒಂದು ಪಾಲನ್ನು ಅದಕ್ಕೇ ಕಟ್ಟಿಹಾಕಿ. ಲಿಫ್ಟ್ ಇರುವ ಎತ್ತರದ ಕಟ್ಟಡವಾದರೆ ಇನ್ನೂ ಮುಖ್ಯ. ಲಿಫ್ಟ್ ಕೆಟ್ಟು ನಿಂತ ಹನ್ನೆರಡನೇ ಮಹಡಿಗೆ ಬಿಂದಿಗೆ ಹೊತ್ತು ಹತ್ತುವವರು ಯಾರು?

ವಿವೇಕನಗರ

ಇದು ಒಳ್ಳೆ ಮಾತು. ನಮ್ಮ ರಸ್ತೆಯಲ್ಲಿ ಈಜಿಪುರ ಅಂದರೆ ಈಗಿನ ಹುಡುಗರಿಗೆ ಫ್ಲೈಓವರ್ ಮಾತ್ರ ಗೊತ್ತು. 2017ರಲ್ಲಿ ಶುರುವಾಗಿ ವರ್ಷಾನುಗಟ್ಟಲೆ ಕಂಬಗಳು ಮಾತ್ರ ನಿಂತಿದ್ದದ್ದು. ಅದರ ಬಗ್ಗೆ ದಿನಾ ಪೇಪರಿನಲ್ಲಿ ಬಂತು, ಟ್ರಾಫಿಕ್ಕಿನಲ್ಲಿ ಸಿಕ್ಕವರೆಲ್ಲ ಜಗಳ ಮಾಡಿದರು. ಆ ಕಾಂಪೌಂಡ್ ಒಳಗಿನ ಖಾಲಿ ಜಾಗದ ಬಗ್ಗೆ ಹತ್ತಿರದಲ್ಲಿದ್ದ ನಾವೇ ಕೇಳಲಿಲ್ಲ. ವಾರ್ಡ್ ಸಮಿತಿ ಸಭೆಗೆ ನಾನು ಎರಡು ಸಲ ಹೋಗಿದ್ದೇನೆ. ಎರಡು ಸಲವೂ ಬೀದಿದೀಪದ ಬಗ್ಗೆ ಮಾತಾಡಿ ಬಂದೆ.

ಎಂಟನೇ_ಬ್ಲಾಕ್

ನಾನೂ ಅಷ್ಟೇ. ಎರಡು ಸ್ಕೂಲ್ ಬ್ಯಾಗ್ ಇಟ್ಟುಕೊಂಡಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಕುಕ್ಕರ್ ಆರು ತಿಂಗಳು ನಮ್ಮಲ್ಲೇ ಇತ್ತು. ಅಕ್ಕನಿಗೆ ಸರ್ಜಾಪುರ ರಸ್ತೆಯ ಆಚೆ ಒಂದು ರೂಮ್ ಸಿಕ್ಕಿತು. ಅಲ್ಲಿಂದ ಎರಡು ಬಸ್ ಬದಲಿಸಿ ಬರಬೇಕು. ಬೆಳಿಗ್ಗೆ ಆರೂವರೆಗೆ ಬರುತ್ತಿದ್ದವರು ಒಂಬತ್ತಕ್ಕೆ ಬರತೊಡಗಿದರು. ಐದು ಮನೆ ಕೆಲಸ ಎರಡಕ್ಕೆ ಇಳಿಯಿತು. ಆಮೇಲೆ ಬರುವುದು ನಿಂತಿತು. ಜನರನ್ನು ಊರ ಹೊರಗೆ ಕಳಿಸಿದರೆ ಮನೆ ಸಿಕ್ಕಿತು ಅಂತ ಪಟ್ಟಿಯಲ್ಲಿ ಬರೆಯಬಹುದು, ಕೂಲಿ ಹೋಯಿತು ಅಂತ ಯಾರೂ ಬರೆಯುವುದಿಲ್ಲ. ಅದಕ್ಕೇ ಊರಿನ ನಡುವಿನ ಪಾಲಿಕೆ ಜಾಗಕ್ಕೆ ನಾನು ಇಷ್ಟು ಹಟ ಹಿಡಿಯುವುದು.

ಈಜಿಪುರದ_ಮಗ

ಇವತ್ತೇ ಇದನ್ನು ಓದಿದೆ. ನಮ್ಮ ಅಮ್ಮನಿಗೆ ಅಲ್ಲಿ ಮನೆ ಅಲಾಟ್ ಆಗಿತ್ತು. ನಾನು ಹುಟ್ಟಿದ್ದು ಅಲ್ಲೇ, ಎರಡನೇ ಮಹಡಿಯಲ್ಲಿ. ತಗಡಿನ ಶೆಡ್‌ನಲ್ಲಿ ಏಪ್ರಿಲ್ ತಿಂಗಳು ಮಧ್ಯಾಹ್ನ ಒಳಗೆ ಇರೋಕೆ ಆಗುತ್ತಿರಲಿಲ್ಲ. ಅಮ್ಮ ಒದ್ದೆ ಗೋಣಿಚೀಲ ಮೇಲೆ ಹೊದಿಸುತ್ತಿದ್ದಳು. ಒಡೆಯುವ ದಿನ ಎಲ್ಲರೂ ಪಾತ್ರೆ ಎತ್ತಿಕೊಂಡು ಓಡಿದರೆ ಅಮ್ಮ ಮೊದಲು ತೆಗೆದಿದ್ದು ಬಿಸ್ಕತ್ ಡಬ್ಬ. ಅದರಲ್ಲಿ ಅಲಾಟ್‌ಮೆಂಟ್ ಪತ್ರ, ಕಂತು ಕಟ್ಟಿದ ರಸೀದಿಗಳು, ಕರೆಂಟ್ ಬಿಲ್ಲು. ಮಡಿಕೆ ಇರುವ ಕಡೆ ಪತ್ರ ಹರಿಯುತ್ತಿದೆ. ಲ್ಯಾಮಿನೇಷನ್ ಮಾಡಿಸೋಣ ಅಂತ ಇದ್ದೇನೆ. ಈಗ ಐದು ಪಾಲಿಕೆ ಆಗಿದೆಯಲ್ಲ, ಹಳೇ ದಾಖಲೆ ಯಾವ ಕಚೇರಿಯಲ್ಲಿದೆ, ಯಾರನ್ನು ಕೇಳಬೇಕು? ಅಮ್ಮನಿಗೆ ಈಗ 68. ಕೆಲಸಕ್ಕೆ ಹೋಗುವುದಿಲ್ಲ. ನಾನು ಡೆಲಿವರಿ ಕೆಲಸ ಮಾಡುತ್ತೇನೆ, ರಾತ್ರಿ ಮಾತ್ರ ಬಿಡುವು.

ಹಳೇ_ಇಂಜಿನಿಯರ್

ತಮ್ಮಾ, ಲ್ಯಾಮಿನೇಷನ್ ಬೇಡವೇ ಬೇಡ. ಮೂಲ ಪತ್ರವನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಮಡಿಸದೆ ಇಡು. ಲ್ಯಾಮಿನೇಷನ್ ಮಾಡಿದ್ದನ್ನು ಎಷ್ಟೋ ಕಚೇರಿಗಳಲ್ಲಿ ತೆಗೆದುಕೊಳ್ಳುವುದಿಲ್ಲ. ಎರಡೂ ಬದಿ ಸ್ಕ್ಯಾನ್ ಮಾಡಿಸು, ರಸೀದಿಗಳದ್ದೂ. ನಾಲ್ಕು ಸೆಟ್ ಜೆರಾಕ್ಸ್, ನೋಟರಿ ಸಹಿ.

ಆಮೇಲೆ ಒಂದು ಆರ್‌ಟಿಐ ಅರ್ಜಿ. ಶುಲ್ಕ 10 ರೂಪಾಯಿ. ಮೂರೇ ಸಾಲು ಸಾಕು: ಈಜಿಪುರ ಇಡಬ್ಲ್ಯುಎಸ್ ಕ್ವಾರ್ಟರ್ಸ್‌ನ ಮೂಲ ಹಂಚಿಕೆ ಪಟ್ಟಿಯ ನಕಲು ಬೇಕು, ಈಗಿನ ಫಲಾನುಭವಿಗಳ ಪಟ್ಟಿಯ ನಕಲು ಬೇಕು, ಕರಾರಿನ ನಕಲು ಬೇಕು. ನಿಮ್ಮ ವಾರ್ಡ್ ಈಗ ಯಾವ ಪಾಲಿಕೆಗೆ ಸೇರಿದೆಯೋ ಅಲ್ಲಿಗೆ ಹಾಕು. ದಾಖಲೆ ಬೇರೆ ಕಡೆ ಇದ್ದರೆ ಅರ್ಜಿಯನ್ನು ಅವರೇ ಅಲ್ಲಿಗೆ ಕಳಿಸಬೇಕು, ಕಾನೂನಿನಲ್ಲಿ ಹಾಗಿದೆ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡ.

ಎಂಟನೇ_ಬ್ಲಾಕ್

ಅರ್ಜಿ ನಾನು ಬರೆದುಕೊಡುತ್ತೇನೆ. ಅಮ್ಮನ ಸಹಿ ಸಾಕು. ಭಾನುವಾರ ರಾತ್ರಿ ಒಂಬತ್ತಕ್ಕೆ ಬಿಡುವಾಗುತ್ತದಾ? ಬಿಸ್ಕತ್ ಡಬ್ಬ ಹಾಗೇ ತೆಗೆದುಕೊಂಡು ಬನ್ನಿ, ಸ್ಕ್ಯಾನರ್ ಮನೆಯಲ್ಲಿದೆ.

ಈಜಿಪುರದ_ಮಗ

ಆಗುತ್ತದೆ. ಅಮ್ಮನೂ ಬರುತ್ತಾಳೆ. ಡಬ್ಬ ಅವಳು ಯಾರ ಕೈಗೂ ಕೊಡುವುದಿಲ್ಲ.